ಕೋಲು ಹಿಡಿದ ಪಾತ್ರಕ್ಕೆ ಎಷ್ಟು ಕೈ?

ಶರಾವತಿತೀರ

ಎಲ್ಲರಿಗೂ ನಮಸ್ಕಾರ. ಒಂದು ಕಿರುಕಾದಂಬರಿ ಬರೆಯುತ್ತಿದ್ದೇನೆ. ಸಾಗರದ ಕಡೆಯ ಹಳ್ಳಿ, ಅಲ್ಲೊಂದು ಶಾಖಾ ಅಂಚೆ ಕಚೇರಿ. ಅದನ್ನು ನಡೆಸುವವಳು ವಸುಧಾ, ವಯಸ್ಸು 38. ಬಲ ಸೊಂಟದಲ್ಲಿ ತೊಂದರೆ ಇರುವುದರಿಂದ ಊರುಗೋಲು ಹಿಡಿದೇ ನಡೆಯುತ್ತಾಳೆ. ನನಗಾಗಲಿ ನಮ್ಮ ಮನೆಯವರಿಗಾಗಲಿ ಕೋಲು ಹಿಡಿದು ನಡೆದ ಅನುಭವವಿಲ್ಲ. ಮೊದಲ ಅಧ್ಯಾಯದ ಒಂದು ತುಣುಕು ಕೆಳಗಿದೆ. ಓದುವಾಗ ಏನೋ ಸುಳ್ಳು ಅನ್ನಿಸುತ್ತಿದೆ, ಏನು ಅಂತ ಗೊತ್ತಾಗುತ್ತಿಲ್ಲ. ದಯವಿಟ್ಟು ನೇರವಾಗಿ ಹೇಳಿ.

"ಜಡಿಮಳೆ. ವಸುಧಾ ಬಲಗಾಲನ್ನು ಎಳೆಯುತ್ತ, ಬಲಗೈಯ ಊರುಗೋಲನ್ನು ಟಕ್ ಟಕ್ ಎಂದು ಕುಟ್ಟುತ್ತ ಅಂಗಳ ದಾಟಿದಳು. ಕೊಡೆಯನ್ನು ಓರೆ ಮಾಡಿ, ಎದೆಗವಚಿದ ಕಾಗದದ ಕಟ್ಟು ನೆನೆಯದಂತೆ ನೋಡಿಕೊಂಡಳು. ಕಚೇರಿಯ ನಾಲ್ಕು ಮೆಟ್ಟಿಲನ್ನು ಸರಸರನೆ ಏರಿ, ಕೋಲನ್ನು ಗೋಡೆಗೆ ಒರಗಿಸಿ, ಬೀಗ ತೆಗೆದಳು."

ಬೆತ್ತದಹಿಡಿ

ಮೇಡಂ, ಕೈಗಳನ್ನು ಎಣಿಸಿ ನೋಡಿ. ಕೋಲಿಗೆ ಒಂದು, ಕೊಡೆಗೆ ಒಂದು, ಕಾಗದದ ಕಟ್ಟಿಗೆ ಒಂದು. ವಸುಧಾಗೆ ಮೂರು ಕೈ ಆಯಿತು.

ನನಗೀಗ 33. ಆರು ವರ್ಷದಿಂದ ಕೋಲು ಹಿಡಿದಿದ್ದೇನೆ. ತೊಡೆಮೂಳೆಯ ತಲೆಗೆ ರಕ್ತ ಹರಿಯುವುದು ನಿಂತು ಮೂಳೆ ಕುಸಿಯುವ ಕಾಯಿಲೆ, ಆಸ್ಪತ್ರೆಯಲ್ಲಿ ಏವಿಎನ್ ಅನ್ನುತ್ತಾರೆ. ನನ್ನದೂ ಬಲ ಸೊಂಟವೇ, ಅದಕ್ಕೇ ನಿಮ್ಮ ವಸುಧಾಳ ಮೇಲೆ ಮೊದಲ ಸಾಲಿಗೇ ಅಕ್ಕರೆ ಹುಟ್ಟಿತು.

ಕೋಲು ಬಂದ ದಿನದಿಂದ ನನ್ನ ಬದುಕಿನಲ್ಲಿ ಬದಲಾದದ್ದು ಕಾಲಿಗಿಂತ ಹೆಚ್ಚಾಗಿ ಕೈ. ಹೊರಗೆ ಇರುವಷ್ಟು ಹೊತ್ತೂ ನನಗೆ ಒಂದೇ ಕೈ. ಎರಡು ಲೋಟ ಕಾಫಿಯನ್ನು ಒಟ್ಟಿಗೆ ತರಲಾರೆ. ಬಸ್ಸಿನಲ್ಲಿ ಕಂಬಿ ಹಿಡಿದರೆ ಕಂಡಕ್ಟರಿಗೆ ದುಡ್ಡು ಕೊಡುವ ಕೈ ಇಲ್ಲ, ಹಾಗಾಗಿ ಹತ್ತುವ ಮೊದಲೇ ಚಿಲ್ಲರೆಯನ್ನು ಮುಷ್ಟಿಯಲ್ಲಿ ಇಟ್ಟುಕೊಂಡಿರುತ್ತೇನೆ. ಮಾರ್ಕೆಟ್ಟಿನಲ್ಲಿ ಟೊಮೆಟೊ ಆರಿಸುವಾಗ ಕೋಲಿನ ಹಿಡಿಯನ್ನು ಮೊಣಕೈ ಸಂದಿಗೆ ಸಿಕ್ಕಿಸಿಕೊಳ್ಳುತ್ತೇನೆ, ಅದು ಜಾರಿ ಪಕ್ಕದವರ ಕಾಲಿಗೆ ಬಡಿಯುತ್ತದೆ. ಫೋನ್ ಬಂದರೆ ನಿಲ್ಲಬೇಕು. ಸೀರೆ ಉಟ್ಟ ದಿನ ಮೆಟ್ಟಿಲು ಹತ್ತುವಾಗ ನೆರಿಗೆ ಎತ್ತಿ ಹಿಡಿಯಲು ಕೈ ಬೇಕು, ಕಟಕಟೆ ಹಿಡಿಯಲೂ ಕೈ ಬೇಕು, ಕೋಲಿಗೂ ಬೇಕು. ಒಂದು ಮದುವೆಯಲ್ಲಿ ಕೋಲಿನ ತುದಿ ನನ್ನದೇ ನೆರಿಗೆಯ ಮೇಲೆ ಊರಿ, ಮುಂದಿನ ಹೆಜ್ಜೆಗೆ ಸೀರೆ ಸಡಿಲಾಗಿ ಕೂತುಬಿಟ್ಟೆ. ಆಮೇಲೆ ಹೊರಗೆ ಹೋಗುವಾಗೆಲ್ಲ ಚೂಡಿದಾರ.

ಮಳೆಯಲ್ಲಿ ಕೊಡೆ ನಮಗೆ ಆಗುವ ಮಾತಲ್ಲ. ಮಲೆನಾಡಿನ ಜಡಿಮಳೆಗೆ ಗಾಳಿಯೂ ಇರುತ್ತದಲ್ಲ, ಕೊಡೆ ಎಳೆದ ಕಡೆ ಮೈ ವಾಲಿದರೆ ಮುಗಿಯಿತು. ವಸುಧಾಗೆ ರೇನ್‌ಕೋಟ್ ಹಾಕಿಸಿ. ಕಾಗದದ ಕಟ್ಟು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಬೆನ್ನ ಮೇಲಿನ ಚೀಲದಲ್ಲಿರಲಿ. ಚೀಲವೂ ಎರಡು ಹೆಗಲಿನದೇ ಆಗಬೇಕು. ಒಂದೇ ಹೆಗಲಿಗೆ ಹಾಕುವ ವ್ಯಾನಿಟಿ ಬ್ಯಾಗ್ ನಡೆಯುವಾಗ ಮುಂದಕ್ಕೆ ಜಾರುತ್ತದೆ.

ಬಲಗೈ ಎಂದು ಬರೆದದ್ದೂ ತಪ್ಪು. ಅದನ್ನು ಬಲ್ಲವರು ಹೇಳಲಿ, ಇಲ್ಲಿ ಒಬ್ಬ ಫಿಸಿಯೊ ಇದ್ದಾರೆ.

ಕೀಲುಕೀಲು

ಇದ್ದೇನೆ. ಹದಿನಾಲ್ಕು ವರ್ಷದಿಂದ ಫಿಸಿಯೊಥೆರಪಿ ನನ್ನ ವೃತ್ತಿ.

ನೋವು ಬಲಗಾಲಿನಲ್ಲಿದ್ದರೆ ಕೋಲು ಎಡಗೈಗೆ. ಹೊಸಬರೆಲ್ಲ ನೋವಿರುವ ಕಡೆಯೇ ಹಿಡಿಯುತ್ತಾರೆ, ಸಿನಿಮಾ ಧಾರಾವಾಹಿಗಳಲ್ಲೂ ಹಾಗೆಯೇ. ಕಾರಣ ತಿಳಿದರೆ ಬರೆಯುವವರು ಮತ್ತೆ ಮರೆಯುವುದಿಲ್ಲ. ನಡೆಯುವಾಗ ಪ್ರತಿ ಹೆಜ್ಜೆಗೂ ಒಂದು ಕ್ಷಣ ಒಂಟಿ ಕಾಲಿನ ಮೇಲೆ ನಿಂತಿರುತ್ತೇವೆ. ಬಲಗಾಲಿನ ಮೇಲೆ ನಿಂತಾಗ ಸೊಂಟದ ಎಡಭಾಗ ಕೆಳಗೆ ಬೀಳಲು ನೋಡುತ್ತದೆ. ಬೀಳದಂತೆ ಹಿಡಿಯುವುದು ಬಲ ಸೊಂಟದ ಪಕ್ಕದ ಸ್ನಾಯು. ಆ ಎಳೆತ ಎಷ್ಟು ಬಲವಾದದ್ದೆಂದರೆ, ಆ ಕ್ಷಣ ಸೊಂಟದ ಕೀಲಿನ ಮೇಲೆ ದೇಹದ ತೂಕದ ಎರಡೂವರೆ ಮೂರು ಪಟ್ಟು ಭಾರ ಬೀಳುತ್ತದೆ. ಎಡಗೈಯಲ್ಲಿ ಕೋಲಿದ್ದರೆ ಬೀಳುತ್ತಿರುವ ಎಡಭಾಗಕ್ಕೇ ಕೆಳಗಿನಿಂದ ಆಸರೆ ಸಿಗುತ್ತದೆ. ಕೀಲಿನಿಂದ ದೂರವಿರುವ ಆಸರೆಯಾದ್ದರಿಂದ ಸ್ವಲ್ಪ ಒತ್ತಿದರೂ ತುಂಬ ಕೆಲಸ ಮಾಡುತ್ತದೆ. ಬಾವಿಯ ಏತ ನೋಡಿದವರಿಗೆ ಇದು ತಟ್ಟನೆ ಅರ್ಥವಾಗುತ್ತದೆ. ಅಮೆರಿಕದ ಮೂಳೆತಜ್ಞ ವಾಲ್ಟರ್ ಬ್ಲೌಂಟ್ ಈ ಲೆಕ್ಕವನ್ನೆಲ್ಲ ಬಿಡಿಸಿ, ಕೋಲನ್ನು ಬಿಸಾಡಬೇಡಿ ಎಂದು 1956ರಲ್ಲೇ ವೈದ್ಯರಿಗಾಗಿ ಬರೆದಿದ್ದರು.

ಕೋಲೂ ನೋವಿನ ಕಾಲೂ ಒಟ್ಟಿಗೆ ಮುಂದೆ ಹೋಗುತ್ತವೆ, ಆಮೇಲೆ ಗಟ್ಟಿ ಕಾಲು. ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮೊದಲು, ನೋವಿನ ಕಾಲೂ ಕೋಲೂ ಹಿಂದೆ. ಇಳಿಯುವಾಗ ಕೋಲೂ ನೋವಿನ ಕಾಲೂ ಮೊದಲು. ಒಂದೊಂದು ಮೆಟ್ಟಿಲಲ್ಲೂ ಎರಡು ಕಾಲು ಕೂಡಿದ ಮೇಲೆಯೇ ಮುಂದಿನದು. ಆದ್ದರಿಂದ ಆ "ಸರಸರನೆ" ಹೋಗಬೇಕು.

ಎತ್ತರದ ಬಗ್ಗೆ: ಚಪ್ಪಲಿ ಹಾಕಿ ನೆಟ್ಟಗೆ ನಿಂತು ಕೈ ಇಳಿಬಿಟ್ಟಾಗ ಕೋಲಿನ ಹಿಡಿ ಮಣಿಕಟ್ಟಿನ ಗೆರೆಗೆ ಬರಬೇಕು. ಹಿಡಿದಾಗ ಮೊಣಕೈ ಸ್ವಲ್ಪ, ಇಪ್ಪತ್ತು ಮೂವತ್ತು ಡಿಗ್ರಿಯಷ್ಟು, ಬಾಗಿರುತ್ತದೆ. ನಮ್ಮಲ್ಲಿ ಬಹಳ ಮಂದಿ ತೀರಿಕೊಂಡ ತಾತನ ಕೋಲನ್ನೇ ಹಿಡಿದಿರುತ್ತಾರೆ. ಅದು ಉದ್ದವಾದರೆ ಹೆಗಲು ಕಿವಿಯ ಕಡೆಗೆ ಏರುತ್ತದೆ, ಗಿಡ್ಡವಾದರೆ ಮೈ ಅತ್ತ ವಾಲುತ್ತದೆ. ಅಳತೆ ಸರಿಯಿಲ್ಲದ ಕೋಲು ಆ ಮನೆಯ ಕಥೆಯನ್ನೇ ಹೇಳುತ್ತದೆ, ಬೇಕಿದ್ದರೆ ಬಳಸಿಕೊಳ್ಳಿ.

ಇನ್ನು ಆ ಟಕ್ ಟಕ್. ತುದಿಗೆ ರಬ್ಬರ್ ಬುಷ್ ಇದ್ದರೆ ಸದ್ದು ಮೆತ್ತಗೆ. ಬುಷ್ ಸವೆದು ಒಳಗಿನ ಲೋಹ ನೆಲಕ್ಕೆ ತಾಗಿದಾಗ ಮಾತ್ರ ಟಕ್ ಅನ್ನುತ್ತದೆ, ಅದು ಜಾರಿ ಬೀಳುವ ಮುನ್ಸೂಚನೆ. ನಾನು ರೋಗಿಗಳ ಸದ್ದು ಕೇಳಿಯೇ "ಬುಷ್ ಬದಲಾಯಿಸಿ" ಅನ್ನುತ್ತೇನೆ.

ಮುಂಡರಗಿಮಗಳು

ನಮ್ಮ ಅಪ್ಪಾನ ನೆನಪಾತ್ರಿ ಇದನ್ನ ಓದಿ. ನಮ್ಮ ಕಡೆ ಊರುಗೋಲು ಅನ್ನಂಗಿಲ್ಲ, ಬಡಿಗಿ ಅಂತೀವಿ. "ನನ್ನ ಬಡಿಗಿ ತಾ" ಅಂತ ಅಪ್ಪ ಕೂಗಿದ್ರ ನಾವು ಅಣ್ಣ ತಂಗಿ ಓಡಿ ಹೋಗತಿದ್ವಿ.

ಅಪ್ಪಾಗ ಅಪಘಾತ ಆಗಿರಲಿಲ್ಲ, ವಯಸ್ಸೂ ಆಗಿರಲಿಲ್ಲ. ನಲವತ್ತೈದಕ್ಕ ಬೆನ್ನು ಕಟ್ಟಿಗಿ ಹಂಗ ಬಿಗಿದು, ಮೊಣಕಾಲು ಮಡಚಾಕ ಬರಲಾರದಂಗ ಆಗಿತ್ತು. ಬೋರಿನ ನೀರಿನ ಫ್ಲೋರೈಡ್. ಕುಡಿಯೋ ನೀರಿನಾಗ ಲೀಟರಿಗೆ 1.5 ಮಿಲಿಗ್ರಾಮ್ ದಾಟಬಾರದು ಅಂತ ಐತಿ. ನಮ್ಮ ಗದಗ ಜಿಲ್ಲೆ, ಆಕಡೆ ಪಾವಗಡ, ಅಲ್ಲೆಲ್ಲಾ ಎಷ್ಟೋ ಬೋರಿನಾಗ ಅದಕ್ಕಿಂತ ಹೆಚ್ಚೇ ಇರತೈತಿ. ಮೊದಲು ಹಲ್ಲಿಗೆ ಹಳದಿ ಕಲೆ, ವರ್ಷಾನುಗಟ್ಟಲೆ ಕುಡಿದರ ಎಲುಬಿಗೆ.

ನಾ ಹೇಳೂದು ಇಷ್ಟರಿ: ಕಥಿಯಾಗ ಕೋಲು ಹಿಡಿದವರು ಬಂದ್ರ ಒಂದೋ ಮುದುಕರು, ಇಲ್ಲಾ ಕಾರು ಆಕ್ಸಿಡೆಂಟ್. ನಮ್ಮ ಊರಾಗ ಒಂದೇ ಓಣ್ಯಾಗ ಆರೇಳು ಮಂದಿ ಬಡಿಗಿ ಹಿಡಿದು ಕಟ್ಟಿ ಮ್ಯಾಲೆ ಕುಂದರತಿದ್ರು. ಅವರ್ಯಾರನ್ನೂ ನಾ ಯಾವ ಕಥಿಯಾಗೂ ಓದಿಲ್ಲ. ಅಪ್ಪಾಗ ಕತ್ತು ತಿರುಗಿಸಾಕ ಬರತಿರಲಿಲ್ಲ. ಯಾರರ ಹಿಂದಿಂದ ಕರೆದ್ರ ಬಡಿಗಿ ಊರಿ ಇಡೀ ಮೈ ತಿರುಗಿಸತಿದ್ದ. ಹಂಗ ತಿರುಗೂ ಅಷ್ಟರಾಗ ಕರೆದವರು ಹೋಗಿಬಿಟ್ಟಿರತಿದ್ರು.

ಶರಾವತಿತೀರ

ಮುಂಡರಗಿಯ ತಂಗಿ, ನಿಮ್ಮ ಕೊನೆಯ ಸಾಲು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ವಸುಧಾಗೆ ಬೈಕ್ ಅಪಘಾತ ಎಂದು ಬರೆದಿದ್ದೆ. ಯಾಕೆ ಅಂದರೆ ನಿಜವಾಗಿ ಉತ್ತರವಿಲ್ಲ, ಬೇರೆ ಹೊಳೆಯಲಿಲ್ಲ. ಸಾಗರ ತಾಲ್ಲೂಕಿನವಳಾಗಿ ನನಗೆ ಹಂದಿಗೋಡು ಕಾಯಿಲೆ ನೆನಪಾಗಬೇಕಿತ್ತು. 1970ರ ದಶಕದ ನಡುವೆ ನಮ್ಮ ತಾಲ್ಲೂಕಿನ ಹಂದಿಗೋಡಿನಲ್ಲಿ ಮೊದಲು ಗುರುತಿಸಿದ್ದು. ಸೊಂಟ, ಮಂಡಿಯ ಕೀಲುಗಳು ಸವೆದು ಹೋಗುವ ಕಾಯಿಲೆ. ಹೆಚ್ಚಾಗಿ ಗದ್ದೆ ಕೂಲಿಯ ದಲಿತ ಕುಟುಂಬಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಬಂದದ್ದು. ಚಿಕ್ಕವಳಿದ್ದಾಗ ಸಂತೆಯಲ್ಲಿ ಎರಡೂ ಕೈಯಲ್ಲಿ ಬಿದಿರು ಕೋಲು ಊರಿ ನಡೆಯುವವರನ್ನು ನೋಡಿದ್ದೇನೆ. ವಸುಧಾಳನ್ನು ಆ ಮನೆಯವಳಾಗಿ ಬರೆಯಲೇ?

ಬೆತ್ತದಹಿಡಿ

ಬರೆಯಬಹುದು, ಆದರೆ ಆಗ ಅದು ಒಂದು ಸೊಂಟದ ಕಥೆಯಾಗಿ ಉಳಿಯುವುದಿಲ್ಲ. ಅವಳ ತಾಯಿ, ಅಣ್ಣ, ಅಕ್ಕನ ಮಗ ಎಲ್ಲರೂ ಅದರಲ್ಲಿ ಇರುತ್ತಾರೆ. ಆ ಮನೆಗಳಿಗೆ ಹೋಗಿ ಕೂತು ಮಾತಾಡದೆ ಬರೆಯಬೇಡಿ. ಅಷ್ಟು ಸಮಯ ಕೊಡಲಾಗದಿದ್ದರೆ ಏವಿಎನ್ ಇರಲಿ, ಅಥವಾ ಹುಟ್ಟಿನಲ್ಲೇ ಸೊಂಟದ ಕೀಲು ಜಾರಿದ್ದು ಇರಲಿ. ಯಾವುದೇ ಆಗಲಿ, ಕಾರಣವನ್ನು ಮೊದಲು ನೀವು ಗಟ್ಟಿ ಮಾಡಿಕೊಳ್ಳಿ. ಓದುಗರಿಗೆ ಹೇಳದಿದ್ದರೂ ಪರವಾಗಿಲ್ಲ. ಬೆಳಿಗ್ಗೆ ಜಾಸ್ತಿಯೋ ಸಂಜೆ ಜಾಸ್ತಿಯೋ, ಕೂತು ಎದ್ದಾಗ ಮೊದಲ ನಾಲ್ಕು ಹೆಜ್ಜೆ ಕಷ್ಟವೋ, ದೂರ ನಡೆದ ಮೇಲೆ ಕಷ್ಟವೋ, ಎಲ್ಲವೂ ಕಾರಣದಿಂದಲೇ ಹುಟ್ಟುತ್ತದೆ. ನನ್ನ ಗೆಳತಿಗೆ ರುಮಟಾಯ್ಡ್ ಆರ್ಥ್ರೈಟಿಸ್. ಬೆಳಿಗ್ಗೆ ಎಂಟರವರೆಗೆ ಅವಳಿಗೆ ಕೋಲಿನ ಹಿಡಿಯನ್ನು ಬಿಗಿಹಿಡಿಯಲೇ ಆಗದು, ಹನ್ನೊಂದರ ಹೊತ್ತಿಗೆ ಕೋಲಿಲ್ಲದೆ ಓಡಾಡುತ್ತಾಳೆ. ಕಚೇರಿಯಲ್ಲಿ "ನಿನ್ನೆ ಚೆನ್ನಾಗೇ ನಡೀತಿದ್ರಲ್ಲ" ಎಂಬ ಮಾತು ತಿಂಗಳಿಗೊಮ್ಮೆಯಾದರೂ ಬೀಳುತ್ತದೆ. ಒಂದು ದಿನ ಕೋಲು ಬೇಕು, ಇನ್ನೊಂದು ದಿನ ಬೇಡ, ಇಂಥವರು ಕಥೆಯಲ್ಲಿ ಬಂದರೆ ಮೋಸ ಮಾಡುವವರಾಗಿಯೇ ಬರುತ್ತಾರೆ. ನನಗೆ ತುಂಬ ನೋವಾಗುವ ವಿಷಯ ಇದು.

ಕಥೆಮೊದಲು

ಒಂದು ತಕರಾರು ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಮೊಣಕೈ ಎಷ್ಟು ಡಿಗ್ರಿ, ಯಾವ ಕಾಲು ಮುಂದೆ ಎಂದು ಲೆಕ್ಕ ಇಡುತ್ತ ಕೂತರೆ ಕಥೆ ಸಾಯುತ್ತದೆ. ಕೋಲಿಗೆ ಸಾಹಿತ್ಯದಲ್ಲಿ ಅರ್ಥವೂ ಇದೆ. ಊರ ಗೌಡರ ಬೆಳ್ಳಿಕಟ್ಟಿನ ಬೆತ್ತ ಅಧಿಕಾರ. ಅಜ್ಜಿಯ ಕೋಲು ಮುಪ್ಪು. "ಮಗನೇ ನನ್ನ ಮುಪ್ಪಿನ ಊರುಗೋಲು" ಎಂಬ ಮಾತು ನಮ್ಮ ಭಾಷೆಯಲ್ಲೇ ಇದೆ. ಅದನ್ನೆಲ್ಲ ಬಿಟ್ಟು ವೈದ್ಯಕೀಯ ವರದಿ ಬರೆಯಬೇಕೆ?

ಬೆತ್ತದಹಿಡಿ

ಬೇಸರವೇನಿಲ್ಲ, ಕೇಳಿದ್ದು ಒಳ್ಳೆಯದಾಯಿತು.

ಗೌಡರ ಬೆತ್ತ ಬೇರೆಯೇ ವಸ್ತು. ಅವರು ಅದರ ಮೇಲೆ ಭಾರ ಹಾಕುವುದಿಲ್ಲ. ಬೀಸುತ್ತಾರೆ, ತೋರಿಸುತ್ತಾರೆ, ಜಗಲಿಯ ಮೇಲೆ ಅಡ್ಡ ಇಡುತ್ತಾರೆ. ಅದನ್ನು ಹಾಗೆಯೇ ಬರೆಯಿರಿ. ನಾನು ಕೋಲು ಎತ್ತಿ ಯಾರಿಗಾದರೂ ದಾರಿ ತೋರಿಸಿದರೆ ಆ ಕ್ಷಣ ನನ್ನ ಕಾಲಿಗೆ ಆಸರೆ ಇರುವುದಿಲ್ಲ. ಸಿಟ್ಟು ಬಂದಾಗ ಕೋಲು ಝಳಪಿಸುವ ಅಜ್ಜ ನಿಜವಾಗಿ ಅದರ ಮೇಲೆ ನಿಂತವನಾಗಿದ್ದರೆ ಝಳಪಿಸಲಾರ. ಎಡಗೈಗೆ ಗೋಡೆಯೋ ಕಂಬವೋ ಸಿಕ್ಕ ಮೇಲೆಯೇ ಕೋಲು ಮೇಲೇಳುವುದು. ಆ ಗೋಡೆಯ ಒಂದು ಪದ ಸೇರಿಸಿದರೆ ಸಿಟ್ಟು ಕಡಿಮೆಯಾಗುವುದಿಲ್ಲ, ಹೆಚ್ಚೇ ಆಗುತ್ತದೆ.

ಡಿಗ್ರಿ ಲೆಕ್ಕ ಪುಟದ ಮೇಲೆ ಬರಬೇಕೆಂದು ಯಾರೂ ಹೇಳುತ್ತಿಲ್ಲ. ಬರೆಯುವವರ ತಲೆಯಲ್ಲಿರಬೇಕು.

ಮುಪ್ಪಿನ ಅರ್ಥದ ಬಗ್ಗೆ ನನ್ನದೇ ಮಾತು ಹೇಳುತ್ತೇನೆ. ವೈದ್ಯರು ಕೋಲು ಹಿಡಿ ಎಂದಾಗ ನನಗೆ 27. "ಈ ವಯಸ್ಸಿಗೇ ಕೋಲಾ" ಎಂದು ಅಮ್ಮ ಅತ್ತರು. ಏಳು ತಿಂಗಳು ನಾನೂ ಹಿಡಿಯಲಿಲ್ಲ. ಗೋಡೆ, ಕುರ್ಚಿ, ತಮ್ಮನ ಹೆಗಲು ಹಿಡಿದು ನಡೆದೆ. ಮಾರ್ಕೆಟ್ಟಿಗೆ ಹೋಗುವುದು ನಿಂತಿತು, ಗ್ರಂಥಾಲಯ ನಿಂತಿತು. ಕೊನೆಗೊಂದು ದಿನ ಕೋಲು ತಂದು, ಯಾರಿಗೂ ಹೇಳದೆ ಗಾಂಧಿ ಬಜಾರಿನ ಈ ತುದಿಯಿಂದ ಆ ತುದಿಯವರೆಗೆ ಒಬ್ಬಳೇ ನಡೆದೆ. ಮಲ್ಲಿಗೆ ಕೊಂಡೆ. ಅಷ್ಟು ಸಂತೋಷ ನನಗೆ ಯಾವ ಪರೀಕ್ಷೆ ಪಾಸಾದಾಗಲೂ ಆಗಿರಲಿಲ್ಲ. ಗಂಡಿನ ಕಡೆಯವರು ನೋಡಲು ಬಂದ ದಿನ ಅದೇ ಕೋಲನ್ನು ಮನೆಯವರು ಬಾಗಿಲ ಹಿಂದೆ ಬಚ್ಚಿಟ್ಟರು. ಉಪ್ಪಿಟ್ಟಿನ ತಟ್ಟೆ ಹಿಡಿದು ಹಜಾರದವರೆಗೆ ಹದಿನೈದು ಹೆಜ್ಜೆ. ಆ ಹದಿನೈದು ಹೆಜ್ಜೆ ನನಗಿನ್ನೂ ಮರೆತಿಲ್ಲ.

ಕೋಲು ಎಸೆದು ನಾಯಕಿ ಓಡುವ ಕೊನೆ ಬರೆಯುವವರಿಗೆ ಇದನ್ನು ಹೇಳಬೇಕಿತ್ತು. ನನಗೆ ಕೋಲು ಬಂದದ್ದೇ ಬಿಡುಗಡೆ.

ಕಥೆಮೊದಲು

ಒಪ್ಪಿದೆ. ಗೌಡರ ಬೆತ್ತವನ್ನೂ ನಡೆಯುವ ಕೋಲನ್ನೂ ನಾನು ಒಂದೇ ಎಂದುಕೊಂಡಿದ್ದೆ.

ಕರಿಶಾಯಿ

ನಾನು ಮಕ್ಕಳ ಪತ್ರಿಕೆಗಳಿಗೆ ಚಿತ್ರ ಬರೆಯುತ್ತೇನೆ. ಚಿತ್ರದ ಕಡೆಯಿಂದ ಎರಡು ಮಾತು.

ನಮ್ಮವರಿಗೆ ಕೋಲು ಎಂದೊಡನೆ ಕಣ್ಣ ಮುಂದೆ ಬರುವುದು ಗಾಂಧೀಜಿ. ನಂದಲಾಲ್ ಬೋಸ್ 1930ರಲ್ಲಿ ಮಾಡಿದ ಲಿನೋ ಅಚ್ಚು, ಕಪ್ಪು ಹಿನ್ನೆಲೆಯಲ್ಲಿ ಬಿಳಿ ಗೆರೆಯ ಬಾಪೂ, ಕೈಯಲ್ಲಿ ಕೋಲು. ಎಷ್ಟೋ ವರ್ಷ ನಾನೂ ಅಜ್ಜಂದಿರನ್ನೆಲ್ಲ ಅದೇ ಭಂಗಿಯಲ್ಲಿ ಬರೆದೆ, ತಪ್ಪು ಮಾಡಿದೆ. ದಂಡಿಗೆ ನಡೆದಾಗ ಗಾಂಧೀಜಿಗೆ ಅರವತ್ತಾಗಿತ್ತು ನಿಜ, ಆದರೆ ಅವರು ಬಿರುಸು ನಡಿಗೆಯವರು. ಅದು ದಾರಿ ನಡೆಯುವವರ ಉದ್ದ ಕೋಲು. ಮೈಭಾರ ಹೊರುವ ಊರುಗೋಲು ಗಿಡ್ಡ, ಮೈಗೆ ಹತ್ತಿರ. ಭಾರ ಬಿದ್ದಿರುವಾಗ ಅದು ಹೆಚ್ಚು ಕಡಿಮೆ ನೆಟ್ಟಗಿರುತ್ತದೆ, ಪಾದದಿಂದ ಒಂದು ಗೇಣು ಪಕ್ಕಕ್ಕೆ. ಚಿತ್ರಗಳಲ್ಲಿ ಕೋಲು ದೋಣಿಯ ಜಲ್ಲೆಯಂತೆ ಮುಂದೆಲ್ಲೋ ಊರಿರುತ್ತದೆ. ಹಾಗೆ ಊರಿದರೆ ಬೀಳುತ್ತಾರೆ.

ನಿಂತಿರುವ ಚಿತ್ರದಲ್ಲಿ ಎರಡೂ ಅಂಗೈಯನ್ನು ಹಿಡಿಯ ಮೇಲಿಟ್ಟು ಕೋಲನ್ನು ಮೈಯ ಮುಂದೆ ನೆಡಬಹುದು, ಬಸ್ಸಿಗೆ ಕಾಯುವವರು ಹಾಗೆ ನಿಲ್ಲುತ್ತಾರೆ. ನಡೆಯುವ ಚಿತ್ರಕ್ಕೆ ಅದೇ ಭಂಗಿ ಸಲ್ಲದು. ಸವೆದ ಚಪ್ಪಲಿ ಬರೆಯುವುದು ನನಗೆ ಇಷ್ಟ: ಒಂದು ಕಾಲಿನದು ಹೆಚ್ಚು ಸವೆದಿರುತ್ತದೆ. ಮಕ್ಕಳು ಇಂಥದ್ದನ್ನು ದೊಡ್ಡವರಿಗಿಂತ ಮೊದಲು ಕಾಣುತ್ತಾರೆ. ಹಾಗೆಯೇ, ಕೋಲಿನವರನ್ನು ಯಾವಾಗಲೂ ಒಂಟಿಯಾಗಿ, ಕಿಟಕಿ ಪಕ್ಕ, ಸಂಜೆಗತ್ತಲಲ್ಲಿ ಬರೆಯುವ ಚಟವನ್ನು ಬಿಡಬೇಕು. ಕಳೆದ ತಿಂಗಳು ನಾನು ಬರೆದದ್ದು ಗೋಲಿ ಆಡುವ ಮಕ್ಕಳ ಗುಂಪು. ಅದರಲ್ಲೊಬ್ಬ ಹುಡುಗ ಕೋಲನ್ನು ನೆಲದಲ್ಲಿಟ್ಟು ಅದನ್ನೇ ಆಟದ ಗೆರೆ ಮಾಡಿದ್ದಾನೆ.

ಬಿಳಿಗೋಲು

ಸ್ಕ್ರೀನ್ ರೀಡರ್‌ನಲ್ಲಿ ಎಲ್ಲವನ್ನೂ ಕೇಳಿಸಿಕೊಂಡೆ. ನನ್ನದು ಬಿಳಿ ಕೋಲು. ಇಲ್ಲಿ ಹೇಳಿದ ಯಾವ ನಿಯಮವೂ ಅದಕ್ಕೆ ಹೊಂದುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಬಿಳಿ ಕೋಲಿನ ಮೇಲೆ ನಾವು ಭಾರ ಹಾಕುವುದಿಲ್ಲ. ಅದು ಹಗುರ, ಉದ್ದ. ನೆಲದಿಂದ ನನ್ನ ಎದೆಯವರೆಗೆ ಬರುತ್ತದೆ, ನಾಲ್ಕು ಮಡಿಕೆ ಮಾಡಿ ಚೀಲದಲ್ಲಿ ಇಡಬಹುದು. ಹೆಗಲಿನ ಅಗಲಕ್ಕಿಂತ ತುಸು ಹೆಚ್ಚು ಎಡಕ್ಕೂ ಬಲಕ್ಕೂ ಬೀಸುತ್ತ ಹೋಗುತ್ತೇನೆ. ಬಲಗಾಲು ಮುಂದಿಟ್ಟಾಗ ತುದಿ ಎಡಕ್ಕೆ, ಎಡಗಾಲು ಇಟ್ಟಾಗ ಬಲಕ್ಕೆ. ಅಂದರೆ ಮುಂದಿನ ಹೆಜ್ಜೆ ಬೀಳುವ ಜಾಗವನ್ನು ಕೋಲು ಮೊದಲೇ ಮುಟ್ಟಿರುತ್ತದೆ. ಈ ಕ್ರಮವನ್ನು ರೂಪಿಸಿದವರು ರಿಚರ್ಡ್ ಹೂವರ್, ಎರಡನೇ ಮಹಾಯುದ್ಧದಲ್ಲಿ ದೃಷ್ಟಿ ಕಳೆದುಕೊಂಡ ಅಮೆರಿಕದ ಸೈನಿಕರಿಗಾಗಿ. ಬಿಳಿ ಬಣ್ಣ ಇನ್ನೂ ಹಳೆಯದು: 1921ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನ ಜೇಮ್ಸ್ ಬಿಗ್ಸ್ ಎಂಬ ಛಾಯಾಗ್ರಾಹಕರು ಕಣ್ಣು ಕಳೆದುಕೊಂಡ ಮೇಲೆ, ವಾಹನದವರಿಗೆ ಕಾಣಲಿ ಎಂದು ತಮ್ಮ ಕೋಲಿಗೆ ಬಿಳಿ ಬಳಿದರು.

ಕಥೆಗಳಲ್ಲಿ ನಮ್ಮ ಕೋಲಿನ ಸದ್ದು ಬರೀ ಕರುಣೆ ಹುಟ್ಟಿಸಲು ಇರುತ್ತದೆ. ನನಗೆ ಆ ಸದ್ದು ಸುದ್ದಿ. ಮುಚ್ಚಿದ ಅಂಗಡಿಯ ಶಟರ್ ಮುಂದೆ ಒಂದು ಥರ, ತೆರೆದ ಓಣಿಯ ಬಾಯಲ್ಲಿ ಇನ್ನೊಂದು ಥರ. ಚರಂಡಿಯ ಕಲ್ಲುಚಪ್ಪಡಿ ಅಲುಗುತ್ತಿದ್ದರೆ ಕೈಗೆ ಗೊತ್ತಾಗುತ್ತದೆ. ಕೋಲು ಹೇಳಲಾರದ್ದು ಸೊಂಟದ ಮೇಲಿನದು: ಫುಟ್‌ಪಾತಿಗೆ ಚಾಚಿದ ಮರದ ಕೊಂಬೆ, ನಿಂತ ಲಾರಿಯ ಹಿಂಬದಿ, ಅಂಗಡಿಯ ತಗಡು. ನನ್ನ ಹಣೆಯ ಮೂರು ಗಾಯಗಳೂ ಅಲ್ಲಿಂದಲೇ. ಮೊಣಕಾಲಿನ ಮೇಲಿನ ಅಡ್ಡಿಯನ್ನು ಕಂಪನದಿಂದ ತಿಳಿಸುವ ಸ್ಮಾರ್ಟ್‌ಕೇನ್ ಎಂಬ ಉಪಕರಣವನ್ನು ಐಐಟಿ ದೆಹಲಿಯವರು ಮಾಡಿದ್ದಾರೆ, ಕೋಲಿಗೇ ಜೋಡಿಸುವಂಥದ್ದು.

ಬಿಳಿ ಕೋಲು ಹಿಡಿದವರೆಲ್ಲರಿಗೂ ಪೂರ್ತಿ ಕತ್ತಲೆಯಲ್ಲ. ನನಗೆ ಬೆಳಕು ನೆರಳು ತಿಳಿಯುತ್ತದೆ. ನಾನು ಮೊಬೈಲ್ ಹಿಡಿದರೆ ಮೆಟ್ರೋದಲ್ಲಿ ಪಿಸುಗುಡುತ್ತಾರೆ. ಒಂದು ಮಾತು ದಯವಿಟ್ಟು ಬರೆಯುವಾಗಲೂ ಬದುಕಿನಲ್ಲೂ ನೆನಪಿಡಿ: ರಸ್ತೆ ದಾಟಿಸಲು ನಮ್ಮ ಕೋಲನ್ನು ಹಿಡಿದು ಎಳೆಯಬೇಡಿ. ನಿಮ್ಮ ಮೊಣಕೈ ಕೊಡಿ, ನಾವು ಹಿಡಿಯುತ್ತೇವೆ.

ರಂಗಕರ್ಮಿ

ಹವ್ಯಾಸಿ ತಂಡದಲ್ಲಿ ನಟಿಸುತ್ತೇನೆ. ಕುಂಟುವ ಪಾತ್ರಕ್ಕೆ ಚಪ್ಪಲಿಯೊಳಗೆ ಒಂದು ಹರಳು ಕಲ್ಲು ಹಾಕಿಕೊಳ್ಳಿ ಎಂದು ನಮಗೆ ಹೇಳಿಕೊಟ್ಟಿದ್ದರು. ಕಾಲು ಮರೆಯುವುದಿಲ್ಲ. ಲೇಖಕರೂ ಒಂದು ದಿನ ಹಾಗೆ ನಡೆದು ನೋಡಬಹುದಲ್ಲವೇ?

ಮೂರನೆಕಾಲು

ಸಾರ್, ಅದು ಕಲ್ಲು ಚುಚ್ಚಿದವನ ನಡಿಗೆ ಆಗುತ್ತದೆ. ನನ್ನದು ಆಗುವುದಿಲ್ಲ.

ಮೂರನೇ ವರ್ಷಕ್ಕೆ ನನಗೆ ಪೋಲಿಯೊ ಬಂತು. ಎಡ ತೊಡೆಯ ಮುಂಭಾಗದ ಸ್ನಾಯು ಹೋಯಿತು. ನೋವು ಇರಲಿಲ್ಲ, ಬಲ ಇರಲಿಲ್ಲ ಅಷ್ಟೇ. ಮೊಣಕಾಲು ಯಾವ ಕ್ಷಣ ಬೇಕಾದರೂ ಮಡಚಿಕೊಳ್ಳುತ್ತದೆ, ಹಾಗಾಗಿ ಅಂಗೈಯಿಂದ ತೊಡೆಯನ್ನು ಒತ್ತಿ ಹಿಡಿದು ಹೆಜ್ಜೆ ಇಡಬೇಕು. ನಮ್ಮ ಕಾಲದ ಪೋಲಿಯೊ ಮಕ್ಕಳೆಲ್ಲ ಹಾಗೆಯೇ ನಡೆಯುತ್ತಿದ್ದೆವು. ಕೈ ತೊಡೆಯ ಮೇಲೆ, ಚಡ್ಡಿಯ ಆ ಜಾಗ ಯಾವಾಗಲೂ ಮಾಸಿರುತ್ತಿತ್ತು.

ಐದನೇ ತರಗತಿಯಲ್ಲಿ ಬಸವಣ್ಣನವರ ವಚನ ಬಂತು: "ಕಾಲ ಮೇಲೆ ಕೈಯನೂರಿ ಕೋಲ ಹಿಡಿಯದ ಮುನ್ನ". ಮೇಷ್ಟ್ರು ಮುಪ್ಪಿನ ವರ್ಣನೆ ಎಂದು ಹೇಳಿದರು. ನಾನು ಬೆಂಚಿನ ಕೆಳಗೆ ನನ್ನ ಕೈ ನೋಡಿಕೊಂಡೆ, ಅದು ತೊಡೆಯ ಮೇಲೆಯೇ ಇತ್ತು. ಹತ್ತನೇ ವಯಸ್ಸಿಗೆ ನನ್ನ ನಡಿಗೆ ನನಗೆ ಸಿಕ್ಕಿದ್ದು ಆ ಸಾಲಿನಲ್ಲಿ. ಈಗ ಯೋಚಿಸಿದರೆ ಬಸವಣ್ಣನವರ ಕಣ್ಣು ಎಷ್ಟು ಸೂಕ್ಷ್ಮ! ಕೋಲು ಒಮ್ಮೆಲೇ ಬರುವುದಿಲ್ಲ. ಮೊದಲು ತೊಡೆಯ ಮೇಲೆ ಕೈ, ಆಮೇಲೆ ಕೋಲು. ತೊಡೆ ಸ್ನಾಯು ಸೋತವರೆಲ್ಲ ಈ ಕ್ರಮದಲ್ಲೇ ಸಾಗುತ್ತಾರೆ, ವಯಸ್ಸಾದವರೂ. ಎಂಟುನೂರು ವರ್ಷಕ್ಕೂ ಹಿಂದಿನ ಒಂದೇ ಸಾಲಿನಲ್ಲಿ ಎರಡೂ ಹಂತ ಇವೆ. ಊರುಗೋಲಿನ "ಊರು" ಕೂಡ ಇಲ್ಲಿನ "ಊರಿ"ಯೇ, ನೆಲಕ್ಕೆ ನೆಡುವುದು. ಸಂಸ್ಕೃತದ ಊರು, ಅಂದರೆ ತೊಡೆ, ಅದಲ್ಲ. ಆದರೂ ನನ್ನಂಥವನಿಗೆ ಎರಡೂ ಹೊಂದುತ್ತವೆ.

ಇನ್ನೊಂದು ವಿಷಯ ಬರೆಯುವವರು ಗಮನಿಸಲಿ. ಭಾರತದಲ್ಲಿ ಕಾಡು ಪೋಲಿಯೊ ವೈರಸ್ಸಿನ, ಅಂದರೆ ಸಹಜವಾಗಿ ಹರಡುವ ವೈರಸ್ಸಿನ, ಕೊನೆಯ ಪ್ರಕರಣ 2011ರ ಜನವರಿಯಲ್ಲಿ ಹೌರಾದಲ್ಲಿ ಕಂಡದ್ದು. 2014ರ ಮಾರ್ಚ್ 27ಕ್ಕೆ ಪೋಲಿಯೊಮುಕ್ತ ಎಂಬ ಪ್ರಮಾಣಪತ್ರ ಬಂತು. ಇಂದಿನ ಕಥೆಯಲ್ಲಿ ಆರು ವರ್ಷದ ಪೋಲಿಯೊ ಮಗು ಬಂದರೆ ಅದು ಸುಳ್ಳು. ಪೋಲಿಯೊದವರು ಈಗ ನಡುವಯಸ್ಸಿನವರು. ನಲವತ್ತು ವರ್ಷ ಚೆನ್ನಾಗಿ ನಡೆದ ಮೇಲೆ ಸ್ನಾಯುಗಳು ಮತ್ತೆ ಸೋಲುತ್ತವೆ, ಪೋಸ್ಟ್ ಪೋಲಿಯೊ ಅನ್ನುತ್ತಾರೆ. ನಾನು ಕೋಲು ಹಿಡಿದದ್ದು 47ಕ್ಕೆ. ಬಾಲ್ಯದಲ್ಲಿ ಗೆದ್ದೆ ಎಂದುಕೊಂಡ ಯುದ್ಧ ಮತ್ತೆ ಬಾಗಿಲು ತಟ್ಟಿದಂತಾಯಿತು. ಮೊದಲ ಕೋಲು ಅಲಿಮ್ಕೊದ್ದು, ಕಾನ್ಪುರದಲ್ಲಿ 1972ರಲ್ಲಿ ಶುರುವಾದ ಸರ್ಕಾರಿ ಸಂಸ್ಥೆ. ತಾಲ್ಲೂಕಿನ ಶಿಬಿರದಲ್ಲಿ ಸಾಲಿನಲ್ಲಿ ನಿಂತು ತಂದೆ. ನನ್ನಂಥ ಪಾತ್ರಕ್ಕೆ ಕೋಲು ಅಂಗಡಿಯಿಂದಲ್ಲ, ಅಂಥ ಸಾಲಿನಿಂದ ಬರುತ್ತದೆ.

ರಂಗಕರ್ಮಿ

ಕ್ಷಮಿಸಿ, ನನಗೆ ಗೊತ್ತಿರಲಿಲ್ಲ. ಹಾಗಾದರೆ ನಾವು ಏನು ಮಾಡಬೇಕು?

ಕೀಲುಕೀಲು

ಒಂದು ಇಡೀ ದಿನ ಸರಿಯಾದ ಅಳತೆಯ ಕೋಲು ಹಿಡಿದು ಬದುಕಿ ನೋಡಿ. ಕುಂಟುವ ನಟನೆ ಬೇಡ. ಸಂಜೆಯ ಹೊತ್ತಿಗೆ ಅಂಗೈ, ಹೆಬ್ಬೆರಳಿನ ಬುಡ, ಹೆಗಲು ಎಲ್ಲಿ ನೋಯುತ್ತದೆ ಎಂದು ಗೊತ್ತಾಗುತ್ತದೆ. ಕೋಲು ಎಲ್ಲೆಲ್ಲಿ ಬಿತ್ತು ಎಂದು ಎಣಿಸಿ. ನೋವು, ಬಲಹೀನತೆ, ಸಮತೋಲ ತಪ್ಪುವುದು, ಈ ಮೂರಕ್ಕೂ ನಡಿಗೆ ಬೇರೆ ಬೇರೆ. ಅದು ಕೇಳಿ ತಿಳಿಯುವಂಥದ್ದು, ಒಂದು ದಿನದಲ್ಲಿ ಬರುವುದಿಲ್ಲ.

ಹಿಮದೂರು

ಟೊರಾಂಟೊದಿಂದ. ಅಮ್ಮನನ್ನು ಮೈಸೂರಿನಿಂದ ಕರೆತಂದಾಗ ಅವರ ಕೋಲೂ ಬಂತು. ಇಲ್ಲಿ ಕೋಲಿನ ತುದಿಗೆ ಮಂಜುಗಡ್ಡೆಯ ಮುಳ್ಳು ಎಂಬುದೊಂದು ಇದೆ, ಹೊರಗೆ ಹೋಗುವಾಗ ಕೆಳಗೆ ಮಡಚಿ, ಒಳಗೆ ಬಂದಾಗ ಮೇಲೆತ್ತಬೇಕು. ಮರೆತರೆ ಮರದ ನೆಲಕ್ಕೆ ಗೀರು, ಟೈಲ್ಸ್ ಮೇಲೆ ಜಾರು. ವಿಮಾನ ನಿಲ್ದಾಣದಲ್ಲಿ ಕೋಲನ್ನು ಎಕ್ಸ್‌ರೇ ಬೆಲ್ಟಿಗೆ ಹಾಕಿ ಎಂದಾಗ, ಆ ಕಡೆಯಿಂದ ಕೋಲು ಬರುವವರೆಗೆ ಅಮ್ಮ ಏನನ್ನು ಹಿಡಿದು ನಿಲ್ಲಬೇಕು? ಅಪರಿಚಿತ ಹುಡುಗಿಯೊಬ್ಬಳು ಕೈ ಚಾಚಿದಳು. ಮೈಸೂರಿನಲ್ಲಿ ದೇವಸ್ಥಾನಕ್ಕೆ ಹೋದಾಗಲೂ ಅಮ್ಮನಿಗೆ ಇದೇ ತಾಪತ್ರಯ: ಕೋಲು ಒಳಗೆ ತರಬಹುದೋ, ಚಪ್ಪಲಿಯ ಜೊತೆ ಹೊರಗಿಡಬೇಕೋ. ಮನೆಯಿಂದಲೇ ಒಂದು ಬಾಟಲಿ ನೀರು ತಂದು ಬಾಗಿಲಲ್ಲಿ ಕೋಲಿನ ತುದಿ ತೊಳೆದುಕೊಂಡೇ ಒಳಗೆ ಹೋಗುತ್ತಿದ್ದರು.

ಶರಾವತಿತೀರ

ಎಲ್ಲರಿಗೂ ಕೈಮುಗಿದೆ. ವಸುಧಾಗೆ ಏವಿಎನ್ ಎಂದೇ ಇಟ್ಟುಕೊಂಡೆ. ಹಂದಿಗೋಡಿನ ಮನೆಗಳಿಗೆ ಮಳೆಗಾಲ ಮುಗಿದ ಮೇಲೆ ಹೋಗುತ್ತೇನೆ, ಅದು ಬೇರೆಯೇ ಪುಸ್ತಕವಾಗಲಿ. ಹೊಸದಾಗಿ ಬರೆದದ್ದು:

"ಜಡಿಮಳೆ. ಅಂಗಳದ ಪಾಚಿಯ ಮೇಲೆ ಹಾಸಿದ್ದ ಅಡಿಕೆ ದಬ್ಬೆಗಳ ನಡುವೆ ಕೋಲಿನ ತುದಿ ಸಿಕ್ಕಿಕೊಳ್ಳುತ್ತದೆಂದು ವಸುಧಾ ದಬ್ಬೆ ಬಿಟ್ಟು ಅಂಚಿನ ಜಲ್ಲಿಯ ಮೇಲೆ ನಡೆದಳು. ರೇನ್‌ಕೋಟಿನ ಟೊಪ್ಪಿಯಿಂದ ನೀರು ಕಣ್ಣಿಗೆ ಇಳಿಯುತ್ತಿತ್ತು; ಒರೆಸಿಕೊಳ್ಳಲು ಕೈ ಬರಲಿಲ್ಲ. ಸಂಕ ದಾಟುವಾಗ ಬಲಗೈ ಬಿದಿರಿನ ಕಟಕಟೆಯ ಮೇಲಿತ್ತು. ಕಚೇರಿಯ ನಾಲ್ಕು ಮೆಟ್ಟಿಲು. ಎಡಗಾಲು, ಆಮೇಲೆ ಬಲಗಾಲು. ನಾಲ್ಕನೆಯದರಲ್ಲಿ ನಿಂತು ಉಸಿರು ಎಳೆದುಕೊಂಡಳು. ಕೋಲನ್ನು ಬಾಗಿಲ ಚಿಲಕಕ್ಕೆ ನೇತುಹಾಕಿ ಬೀಗ ತೆಗೆದಳು. ಬೆನ್ನ ಚೀಲದೊಳಗೆ ಕಾಗದಗಳು ಒಣಗಿಯೇ ಇದ್ದವು."

ಬೆತ್ತದಹಿಡಿ

ಕಣ್ಣಿಗೆ ನೀರಿಳಿದು ಕೈ ಬರದಿದ್ದದ್ದು ನನ್ನದೇ ದಿನ. ತುಂಬ ಚೆನ್ನಾಗಿದೆ ಮೇಡಂ.

ಒಂದೇ ತಿದ್ದುಪಡಿ. ಬಾಗಿಲು ಯಾವ ಕಡೆ ತೆರೆಯುತ್ತದೆ? ಒಳಕ್ಕಾದರೆ, ಚಿಲಕಕ್ಕೆ ನೇತುಹಾಕಿದ ಕೋಲೂ ಬಾಗಿಲ ಜೊತೆ ಒಳಗೆ ಹೋಗಿಬಿಡುತ್ತದೆ. ಮೆಟ್ಟಿಲ ತುದಿಯಲ್ಲಿ ಅವಳು ಹಿಡಿಯಲು ಏನೂ ಇಲ್ಲದೆ ನಿಂತಿರುತ್ತಾಳೆ. ಚೌಕಟ್ಟಿನ ಪಕ್ಕ ಒಂದು ಮೊಳೆ ಹೊಡೆಸಿಕೊಂಡಿರಲಿ. ಅದನ್ನು ಯಾರು ಹೊಡೆದುಕೊಟ್ಟರು ಅಂತ ಬೇಕಿದ್ದರೆ ಮುಂದಿನ ಅಧ್ಯಾಯದಲ್ಲಿ ಹೇಳಿ.